ಬೊಮ್ಮಸಂದ್ರದಲ್ಲಿ ಹೊಸ ಕೆಲಸ: ಧಾರವಾಡದಿಂದ ಹೊರಟ ಕುಟುಂಬ ಬೆಂಗಳೂರಿನ ಯಾವ ಕಡೆ ಮನೆ ಮಾಡಬೇಕು?

ಸಾಧನಕೇರಿಯವಳು:
ಎಲ್ಲರಿಗೂ ನಮಸ್ಕಾರ. ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದ ಔಷಧ ಕಂಪನಿಯೊಂದರ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿದ್ದು, ಜೂನ್ ಮೊದಲ ವಾರ ಸೇರಿಕೊಳ್ಳಬೇಕಾಗಿದೆ. ನಮ್ಮ ಯಜಮಾನರು ತೆರಿಗೆ ಸಲಹೆಗಾರರು. ಅವರ ಕೆಲಸದ ಬಹುಪಾಲು ಕಂಪ್ಯೂಟರಿನಲ್ಲೇ ಮುಗಿಯುವುದರಿಂದ ಎಲ್ಲಿದ್ದರೂ ನಡೆಯುತ್ತದೆ, ಆದರೆ ಹುಬ್ಬಳ್ಳಿ-ಧಾರವಾಡದ ಗ್ರಾಹಕರಿಗಾಗಿ ತಿಂಗಳಿಗೊಮ್ಮೆಯಾದರೂ ಊರಿಗೆ ಹೋಗಿ ಬರಲೇಬೇಕು. ಮಗಳು ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ ಮುಗಿಸಿದ್ದಾಳೆ; ಮಗ ಒಂದನೆಯ ತರಗತಿಗೆ ಸೇರಬೇಕು. ಅತ್ತೆಯವರಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವಿರುವುದರಿಂದ ಮೆಟ್ಟಿಲು ಹತ್ತಲಾರರು, ಹುಟ್ಟಿದಾಗಿನಿಂದ ಧಾರವಾಡ ಬಿಟ್ಟು ಬೇರೆಲ್ಲೂ ಇದ್ದವರಲ್ಲ.

ನಮ್ಮ ಮುಂದಿರುವ ದಾರಿಗಳು ಮೂರು. ಕಚೇರಿಯ ಬಳಿಯೇ ಚಂದಾಪುರ ಅಥವಾ ಹೆಬ್ಬಗೋಡಿಯಲ್ಲಿ ಮನೆ ಹಿಡಿಯುವುದು ಒಂದು. ಜಯನಗರ, ಬನಶಂಕರಿ, ಕೋಣನಕುಂಟೆಯಂಥ ಕಡೆ ಇದ್ದು ಮೆಟ್ರೊದಲ್ಲಿ ಓಡಾಡುವುದು ಇನ್ನೊಂದು. ಮಗಳ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಎಲ್ಲರನ್ನೂ ಧಾರವಾಡದಲ್ಲೇ ಬಿಟ್ಟು ನಾನೊಬ್ಬಳೇ ಪೇಯಿಂಗ್ ಗೆಸ್ಟ್ ಆಗಿರುವುದು ಮೂರನೆಯದು. ಬಾಡಿಗೆಗೆ ಇಪ್ಪತ್ತೈದು ಸಾವಿರದವರೆಗೆ ಕೊಡಬಲ್ಲೆವು. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಚಂದಾಪುರ ವಾಸಿ:
ಕೆಲಸ ಬೊಮ್ಮಸಂದ್ರದಲ್ಲಿದ್ದ ಮೇಲೆ ಯೋಚಿಸುವುದೇನಿದೆ? ಚಂದಾಪುರದಲ್ಲಿ ನೀವು ಹೇಳುವ ಬಾಡಿಗೆಗೆ ಲಿಫ್ಟ್ ಇರುವ ಅಪಾರ್ಟ್‌ಮೆಂಟಿನಲ್ಲಿ ಮೂರು ಕೋಣೆಯ ಮನೆಯೇ ಸಿಗುತ್ತದೆ. ಅದೇ ಹಣಕ್ಕೆ ಜಯನಗರದಲ್ಲಿ ಹಳೆಯ ಮನೆಯ ಎರಡನೆಯ ಮಹಡಿ ಸಿಕ್ಕರೆ ಪುಣ್ಯ, ಅದೂ ಲಿಫ್ಟ್ ಇಲ್ಲದೆ. ಅತ್ತೆಯವರ ಮೊಣಕಾಲನ್ನು ನೆನೆದರೆ ಇದೊಂದೇ ಕಾರಣ ಸಾಕು.

ಕೋಣನಕುಂಟೆ ಕ್ರಾಸ್:
ಚಂದಾಪುರದವರು ಬಾಡಿಗೆಯನ್ನು ಹೇಳಿದರು, ನೀರಿನ ಮಾತನ್ನು ಎತ್ತಲಿಲ್ಲ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಗಿ ದಿನಕ್ಕೆ 775 ದಶಲಕ್ಷ ಲೀಟರ್ ನೀರು ಹೆಚ್ಚುವರಿಯಾಗಿ ಬರುವ ವ್ಯವಸ್ಥೆ ಆಯಿತು ನಿಜ, ಆದರೆ ಅದನ್ನು ಉದ್ದೇಶಿಸಿದ್ದು 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ. ಚಂದಾಪುರ, ಹೆಬ್ಬಗೋಡಿ, ಬೊಮ್ಮಸಂದ್ರಗಳು ಆನೇಕಲ್ ತಾಲ್ಲೂಕಿನ ಪ್ರತ್ಯೇಕ ಸ್ಥಳೀಯ ಸಂಸ್ಥೆಗಳಾಗಿದ್ದರಿಂದ ಆ ಪಟ್ಟಿಯಲ್ಲಿ ಇರಲಿಲ್ಲ. ಅಲ್ಲಿಯ ಬಹುಪಾಲು ಅಪಾರ್ಟ್‌ಮೆಂಟುಗಳು ಬೋರ್‌ವೆಲ್ ಮತ್ತು ಟ್ಯಾಂಕರುಗಳ ಮೇಲೆ ನಡೆಯುತ್ತವೆ. ಬೇಸಿಗೆಯಲ್ಲಿ ನಿರ್ವಹಣಾ ಶುಲ್ಕದ ಜೊತೆಗೆ ಟ್ಯಾಂಕರಿನ ಪಾಲು ಎಷ್ಟು ಬರುತ್ತದೆ ಎಂದು ಕೇಳದೆ ಬಾಡಿಗೆ ಅಗ್ಗ ಎನ್ನಲಾಗದು.

ಚಂದಾಪುರ ವಾಸಿ:
2024ರ ಮಾರ್ಚಿನಲ್ಲಿ ನಗರದೊಳಗಿನವರೂ ಟ್ಯಾಂಕರಿಗೆ ಸಾಲುಗಟ್ಟಿದ್ದನ್ನು ಮರೆತಿರಾ? ನಮ್ಮ ಸಮುಚ್ಚಯದಲ್ಲಿ ಆ ಬೇಸಿಗೆಯಲ್ಲೂ ಒಂದು ದಿನ ನೀರು ನಿಂತಿಲ್ಲ.

ಕೋಣನಕುಂಟೆ ಕ್ರಾಸ್:
ನಿಂತಿಲ್ಲ, ಸರಿ. ಅದಕ್ಕೆ ಕೊಟ್ಟ ಹಣದ ಲೆಕ್ಕವನ್ನೂ ಬರೆಯಿರಿ.

ಸಾಧನಕೇರಿಯವಳು:
ನೀರಿನ ವಿಷಯದಲ್ಲಿ ಧಾರವಾಡದವರನ್ನು ಹೆದರಿಸುವುದು ಸುಲಭವಲ್ಲ! ಮಲಪ್ರಭೆಯ ನೀರು ಯಾವ ದಿನ ಬರುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ತಾಮ್ರದ ಹಂಡೆಯಿಂದ ಹಿಡಿದು ಚರಿಗೆಯವರೆಗೆ ತುಂಬಿಟ್ಟುಕೊಂಡು ಬದುಕಿದವರು ನಾವು. ಆದರೆ ನೀರಿನ ಗಡಸುತನದ ಬಗ್ಗೆ ಕೇಳಿದ್ದೇನೆ, ಅದು ನಿಜವೇ?

ಬಾಡಿಗೆದಾರ:
ನಿಜ. ಮನೆ ನೋಡಲು ಹೋದಾಗ ಹಜಾರದ ಅಂದವನ್ನು ಬಿಟ್ಟು ನೇರವಾಗಿ ಬಚ್ಚಲುಮನೆಗೆ ಹೋಗಿ, ನಲ್ಲಿಯ ಮೂತಿಯನ್ನೂ ಶವರಿನ ತೂತುಗಳನ್ನೂ ನೋಡಿ. ಸುಣ್ಣದಂಥ ಬಿಳಿಯ ಪೊರೆ ಕಟ್ಟಿದ್ದರೆ ಅದು ಬೋರ್‌ವೆಲ್ ನೀರು. ಗೀಸರಿನ ಕಾಯಿಲ್ ವರ್ಷ ಎರಡು ವರ್ಷಕ್ಕೊಮ್ಮೆ ಹೋಗುತ್ತದೆ, ಬೇಳೆ ಬೇಯುವುದಿಲ್ಲ, ಕೂದಲು ಉದುರುತ್ತದೆಂದು ಮನೆಮಂದಿಯೆಲ್ಲ ಹೇಳತೊಡಗುತ್ತಾರೆ. ಕಾವೇರಿ ನೀರು ಬರುತ್ತದೆ ಎಂದು ಮಾಲೀಕರು ಹೇಳಿದರೆ, ಯಾವ ವಾರ, ಎಷ್ಟು ಹೊತ್ತು, ನೆಲದಡಿಯ ತೊಟ್ಟಿಗೆ (ಸಂಪ್) ತಾನಾಗಿಯೇ ಬೀಳುತ್ತದೆಯೇ ಅಥವಾ ಮೋಟಾರು ಹಾಕಿ ಎಳೆಯಬೇಕೇ ಎಂದು ಕೇಳಿ. ಕೇಳುವುದು ಮಾಲೀಕರನ್ನಲ್ಲ, ಎದುರು ಮನೆಯವರನ್ನು.

ಹೊಸೂರು ರಸ್ತೆ:
ಓಡಾಟದ ಬಗ್ಗೆ ಹೇಳುತ್ತೇನೆ, ಏಕೆಂದರೆ ಈ ಊರಿನಲ್ಲಿ ಮನೆಯ ಆಯ್ಕೆಯೆಂದರೆ ಅರ್ಧ ಅದೇ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ಉದ್ಘಾಟನೆಯಾಗುವವರೆಗೆ, ನಗರದೊಳಗೆ ಇದ್ದು ಬೊಮ್ಮಸಂದ್ರಕ್ಕೆ ಹೋಗುವವರು ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ತಲೆಬಾಗಿಯೇ ಮುಂದೆ ಹೋಗಬೇಕಿತ್ತು. ಮೇಲ್ಸೇತುವೆಗೆ ಟೋಲ್ ಕೊಟ್ಟರೂ ಅದರ ಬುಡದವರೆಗಿನ ದಟ್ಟಣೆಯಿಂದ ಬಿಡುಗಡೆ ಇರಲಿಲ್ಲ. ಈಗ ಸುಮಾರು 19 ಕಿಲೋಮೀಟರ್, 16 ನಿಲ್ದಾಣಗಳ ನೇರ ದಾರಿ ಇದೆ. ಆರಂಭದಲ್ಲಿ ರೈಲುಗಳ ಕೊರತೆಯಿಂದ 25 ನಿಮಿಷಕ್ಕೊಂದು ಗಾಡಿ ಬರುತ್ತಿತ್ತು, ಬರಬರುತ್ತಾ ಆ ಅಂತರ ಕಡಿಮೆಯಾಯಿತು. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗ ಸೇರುವುದರಿಂದ ಬನಶಂಕರಿ, ಜೆ.ಪಿ. ನಗರ, ಯಲಚೇನಹಳ್ಳಿ, ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರದವರೂ ಒಂದೇ ಬದಲಾವಣೆಯಲ್ಲಿ ಬರಬಹುದು. ಬೊಮ್ಮಸಂದ್ರ ಕೊನೆಯ ನಿಲ್ದಾಣವಾದ್ದರಿಂದ ಸಂಜೆ ಹತ್ತುವವರಿಗೆ ಸೀಟು ಖಚಿತ, ಅದೇನು ಸಣ್ಣ ಸುಖವಲ್ಲ. ನಿಲ್ದಾಣದಿಂದ ಕಾರ್ಖಾನೆಯ ಗೇಟಿನವರೆಗಿನ ದಾರಿಯೇ ನಿಜವಾದ ಪ್ರಶ್ನೆ. ನಿಮ್ಮದು ಯಾವ ಪಾಳಿ? ಕಂಪನಿಯ ಬಸ್ಸು ಇದೆಯೇ?

ತುಮಕೂರು ಸೀಸನ್ ಪಾಸ್:
ತುಮಕೂರಿನಲ್ಲಿ ಮನೆ ಮಾಡುವುದನ್ನೂ ಪರಿಗಣಿಸಬಹುದು. ಬಾಡಿಗೆ ಅಗ್ಗ, ಧಾರವಾಡದ ರೈಲುಗಳೂ ಇದೇ ದಾರಿಯಲ್ಲಿ ಬರುತ್ತವೆ, ನಾವೆಲ್ಲ ದಿನವೂ ಪಾಸಿನಲ್ಲಿ ಓಡಾಡುತ್ತೇವೆ.

ಹೊಸೂರು ರಸ್ತೆ:
ತುಮಕೂರು ಬೆಂಗಳೂರಿನ ವಾಯವ್ಯಕ್ಕೆ, ಬೊಮ್ಮಸಂದ್ರ ಆಗ್ನೇಯಕ್ಕೆ. ಇಡೀ ಊರನ್ನು ಅಡ್ಡ ಹಾಯ್ದು ದಿನಕ್ಕೆ ಎರಡು ಬಾರಿ ಹೋಗಿಬರುವುದು ಉದ್ಯೋಗವಲ್ಲ, ತಪಸ್ಸು.

ಸೊಸೆ:
ಇಲ್ಲಿಯವರೆಗೆ ಬಂದ ಉತ್ತರಗಳೆಲ್ಲ ಕಚೇರಿ ಮತ್ತು ನೀರಿನ ಸುತ್ತಲೇ ಇವೆ. ನನ್ನ ದೃಷ್ಟಿಯಲ್ಲಿ ಮನೆ ಎಲ್ಲಿರಬೇಕೆಂಬುದನ್ನು ಅದರೊಳಗೆ ಹಗಲು ಪೂರ್ತಿ ಕಳೆಯುವವರು ನಿರ್ಧರಿಸಬೇಕು. ಕಚೇರಿಗೆ ಹೋಗುವವರಿಗೆ ಹೊಸ ಸಹೋದ್ಯೋಗಿಗಳು ಸಿಗುತ್ತಾರೆ, ಮಕ್ಕಳಿಗೆ ಶಾಲೆ ಸಿಗುತ್ತದೆ. ಎಪ್ಪತ್ತು ದಾಟಿದ ಹೆಂಗಸಿಗೆ ಸಿಗುವುದು ಬಾಲ್ಕನಿ ಮಾತ್ರ. ನಮ್ಮ ಅತ್ತೆಯವರನ್ನು ಬಾಗಲಕೋಟೆಯಿಂದ ಕರೆತಂದು ಹೊರವಲಯದ ದೊಡ್ಡ ಸಮುಚ್ಚಯವೊಂದರ ಹನ್ನೊಂದನೆಯ ಮಹಡಿಯಲ್ಲಿ ಇರಿಸಿಕೊಂಡಾಗ, ಲಿಫ್ಟಿನಲ್ಲಿ ಸಿಕ್ಕವರೊಡನೆ ಕನ್ನಡದಲ್ಲಿ ಮಾತನಾಡಲಾಗದೆ, ಸಂಜೆ ಹೋಗಲು ಒಂದು ಗುಡಿಯೂ ಇಲ್ಲದೆ ಅವರು ಊಟವನ್ನೇ ಕಡಿಮೆ ಮಾಡಿದರು. ಆಮೇಲೆ ಬಸವೇಶ್ವರನಗರಕ್ಕೆ ಬಂದೆವು. ಮನೆ ಚಿಕ್ಕದು, ಬಾಡಿಗೆ ಹೆಚ್ಚು, ಆದರೆ ಪಕ್ಕದ ಬೀದಿಯಲ್ಲಿ ಜೋಳದ ರೊಟ್ಟಿ ಬಡಿಯುವ ಹೆಂಗಸು ಸಿಕ್ಕರು, ಇಬ್ಬರೂ ಸೇರಿ ಶೇಂಗಾ ಚಟ್ನಿ ಕುಟ್ಟುವ ಮಟ್ಟಿಗೆ ಸ್ನೇಹವಾಯಿತು. ರಾಜಾಜಿನಗರ, ವಿಜಯನಗರದ ಕಡೆ ನಮ್ಮ ಭಾಗದವರು ತುಂಬಾ ಇದ್ದಾರೆ, ನೋಡಿ.

ಹೊಸೂರು ರಸ್ತೆ:
ನಿಮ್ಮ ಮಾತು ಒಪ್ಪತಕ್ಕದ್ದೇ, ಆದರೆ ವಿಜಯನಗರದಿಂದ ಹೋಗಲು ಮೆಜೆಸ್ಟಿಕ್ಕಿನಲ್ಲೊಮ್ಮೆ, ಆರ್.ವಿ. ರಸ್ತೆಯಲ್ಲೊಮ್ಮೆ ಗಾಡಿ ಬದಲಿಸಬೇಕು. ರಾಜಾಜಿನಗರದಿಂದಾದರೆ ಒಂದೇ ಬದಲಾವಣೆ, ಆದರೂ ಮನೆಯಿಂದ ಗೇಟಿನವರೆಗೆ ಒಂದೂವರೆ ಗಂಟೆ ಹಿಡಿಯುತ್ತದೆ. ದುಡಿಯುವ ಹೆಂಗಸು ದಿನಕ್ಕೆ ಮೂರು ಗಂಟೆ ದಾರಿಯಲ್ಲೇ ಕಳೆದರೆ ಮನೆಯಲ್ಲಿ ಮಕ್ಕಳ ಗತಿಯೇನು?

ಪುಣೆಯ ಕನ್ನಡತಿ:
ಕ್ಷಮಿಸಿ, ಈ ವಾಕ್ಯವನ್ನು ಓದಿ ಸುಮ್ಮನಿರಲಾಗಲಿಲ್ಲ. ಯಜಮಾನರು ಮನೆಯಿಂದಲೇ ಕೆಲಸ ಮಾಡುತ್ತಾರೆಂದು ಮೊದಲ ಸಾಲುಗಳಲ್ಲೇ ಬರೆದಿದ್ದಾರೆ. ಮಗನನ್ನು ಶಾಲೆಯಿಂದ ಕರೆತರುವುದು, ಅತ್ತೆಯವರನ್ನು, ಅಂದರೆ ತಮ್ಮದೇ ತಾಯಿಯನ್ನು, ವೈದ್ಯರ ಬಳಿಗೆ ಕರೆದೊಯ್ಯುವುದು ಅವರಿಂದ ಆಗದ ಕೆಲಸವೇ? ಇದೇ ಪ್ರಶ್ನೆಯನ್ನು ಒಬ್ಬ ಗಂಡಸು ಕೇಳಿದ್ದರೆ ಮಕ್ಕಳ ಗತಿಯ ಮಾತು ಇಲ್ಲಿ ಬರುತ್ತಲೇ ಇರಲಿಲ್ಲ.

ಹೊಸೂರು ರಸ್ತೆ:
ದುಡಿಯುವವರು ಯಾರೇ ಆಗಿರಲಿ, ಮೂರು ಗಂಟೆ ಹೆಚ್ಚೇ ಎಂಬುದಷ್ಟೇ ನನ್ನ ವಾದ.

ನಿವೃತ್ತ ಮುಖ್ಯೋಪಾಧ್ಯಾಯ:
ಮಗಳ ವಿದ್ಯಾಭ್ಯಾಸದ ಬಗ್ಗೆ ಯಾರೂ ಹೇಳದಿರುವುದರಿಂದ ನಾನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮ ರಾಜ್ಯದಲ್ಲಿ ಪ್ರೌಢಶಾಲೆ ಆರಂಭವಾಗುವುದೇ ಎಂಟನೆಯ ತರಗತಿಯಿಂದ, ಆದ್ದರಿಂದ ಏಳು ಮುಗಿಸಿದ ಮಗು ಧಾರವಾಡದಲ್ಲಿದ್ದರೂ ಬಹುತೇಕ ಹೊಸ ಶಾಲೆಗೇ ಹೋಗುತ್ತಿತ್ತು. ಸ್ಥಳಾಂತರಕ್ಕೆ ಇದಕ್ಕಿಂತ ಅನುಕೂಲವಾದ ವರ್ಷ ಮತ್ತೆ ಬರುವುದು ಎಸ್ಸೆಸ್ಸೆಲ್ಸಿಯ ನಂತರವೇ. ಒಂಬತ್ತರಲ್ಲಿ ಕದಲಿಸುವುದು ಮಾತ್ರ ಬೇಡ.

ಎರಡನೆಯದಾಗಿ, ಬೆಂಗಳೂರಿಗೆ ಬಂದೊಡನೆ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೋ ಸಿ.ಬಿ.ಎಸ್.ಇ.ಗೋ ಹಾಕಬೇಕೆಂಬ ಒತ್ತಡ ನೆಂಟರಿಂದ ಬರುತ್ತದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿ.ಇ.ಟಿ. ಮೂಲಕ ನಡೆಯುವ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಶೇಕಡಾ 5ರಷ್ಟು ಮೀಸಲಾತಿ ಇದೆ. ಏಳು ವರ್ಷ ಕನ್ನಡದಲ್ಲಿ ಓದಿ ಎಂಟರಲ್ಲಿ ಮಾಧ್ಯಮ ಬದಲಿಸಿದರೆ ಆ ಹಕ್ಕು ಪೂರ್ತಿ ಹೋಗುತ್ತದೆ, ಭಾಗಶಃ ಉಳಿಯುವುದಿಲ್ಲ. ಊರು ಬದಲಾದರೆ ಏನೂ ತೊಂದರೆಯಿಲ್ಲ. ಆದ್ದರಿಂದ ಕನ್ನಡ ಮಾಧ್ಯಮದ ಒಳ್ಳೆಯ ಪ್ರೌಢಶಾಲೆ ಎಲ್ಲಿದೆಯೋ ಅದರ ನಡಿಗೆಯ ದೂರದಲ್ಲಿ ಮನೆ ನೋಡಿ. ಹಳೆಯ ಬಡಾವಣೆಗಳಾದ ಬಸವನಗುಡಿ, ಜಯನಗರ, ಹನುಮಂತನಗರದ ಕಡೆ ಅಂಥ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ಇನ್ನೂ ಇವೆ. ಹೊಸ ಬಡಾವಣೆಗಳಲ್ಲಿ ಹುಡುಕಬೇಕಾಗುತ್ತದೆ. ವರ್ಗಾವಣೆ ಪತ್ರ ತರುವಾಗ ಮಗುವಿನ ಎಸ್.ಎ.ಟಿ.ಎಸ್. ಸಂಖ್ಯೆ (ಶಾಲಾ ದಾಖಲೆಯ ಗುರುತಿನ ಸಂಖ್ಯೆ) ಸರಿಯಾಗಿದೆಯೇ, ಹೆಸರು ಮತ್ತು ಜನ್ಮದಿನಾಂಕ ಆಧಾರ್ ಕಾರ್ಡಿಗೆ ಸರಿಹೊಂದುತ್ತವೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ತಿದ್ದಿಸಲು ಮತ್ತೆ ಧಾರವಾಡಕ್ಕೇ ಓಡಬೇಕು.

ರಾಯಚೂರಿನವ:
ಮೇಷ್ಟ್ರೇ, ಗ್ರಾಮೀಣ ಮೀಸಲಾತಿಯೂ ಇದೆಯಲ್ಲ, ಶೇಕಡಾ 15? ಅದನ್ನೂ ಕಳೆದುಕೊಳ್ಳುತ್ತಾರಲ್ಲವೇ?

ನಿವೃತ್ತ ಮುಖ್ಯೋಪಾಧ್ಯಾಯ:
ಅದು ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ. ಧಾರವಾಡ ನಗರದಲ್ಲಿ ಓದಿದ ಮಗುವಿಗೆ ಮೊದಲೇ ಅನ್ವಯಿಸುವುದಿಲ್ಲ. ಹಳ್ಳಿಯಿಂದ ಹೊರಡುವ ಕುಟುಂಬಗಳು ಮಾತ್ರ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅತ್ತಿಬೆಲೆ ಗಡಿ:
ಹೊಸೂರಿನ ಬಗ್ಗೆ ಯಾರೂ ಹೇಳಲಿಲ್ಲ. ಬೊಮ್ಮಸಂದ್ರದಿಂದ ದೂರವೇನಿಲ್ಲ, ಬಾಡಿಗೆ ಕಡಿಮೆ, ಕನ್ನಡ ಮಾತನಾಡುವವರೂ ಬೇಕಾದಷ್ಟು ಇದ್ದಾರೆ.

ನಿವೃತ್ತ ಮುಖ್ಯೋಪಾಧ್ಯಾಯ:
ಮಕ್ಕಳಿಲ್ಲದವರಿಗೆ ಸರಿ. ತಮಿಳುನಾಡಿನಲ್ಲಿ 2006ರ ಕಾಯ್ದೆಯ ಪ್ರಕಾರ ಶಾಲೆಗಳಲ್ಲಿ ತಮಿಳು ಕಡ್ಡಾಯ, ಎಂಟನೆಯ ತರಗತಿಯಲ್ಲಿ ಅಕ್ಷರಾಭ್ಯಾಸದಿಂದ ಆರಂಭಿಸುವುದು ಆ ಹುಡುಗಿಗೆ ಶಿಕ್ಷೆ. ಮೇಲಾಗಿ ಸಿ.ಇ.ಟಿ.ಯ ಸಾಮಾನ್ಯ ಅರ್ಹತೆಗೆ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು, ಜೊತೆಗೆ ಹತ್ತನೆಯ ತರಗತಿ ಅಥವಾ ದ್ವಿತೀಯ ಪಿ.ಯು.ಸಿ.ಯನ್ನು ಇಲ್ಲಿಯೇ ಪಾಸಾಗಿರಬೇಕು. ಮಗಳಿಗೆ ವರ್ಷಗಳು ತುಂಬಿವೆ, ಮಗನಿಗೆ ಒಂದೂ ಆಗಿಲ್ಲ. ಹಾಗೆಯೇ ಗಾಡಿಯ ನೋಂದಣಿ, ರಸ್ತೆ ತೆರಿಗೆಯ ರಗಳೆ ಬೇರೆ.

ಕಲ್ಯಾಣನಗರ ಧಾರವಾಡ:
ನಿಮ್ಮ ಮೂರನೆಯ ದಾರಿಯೇ ಸೂಕ್ತವೆಂದು ನನಗೆ ತೋರುತ್ತದೆ. ನಾನು ಬೆಂಗಳೂರಿನಲ್ಲಿ ಒಬ್ಬನೇ ಇದ್ದು ಶುಕ್ರವಾರ ರಾತ್ರಿಯ ರೈಲು ಹಿಡಿದು ಊರಿಗೆ ಹೋಗಿ, ಸೋಮವಾರ ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು ನೇರವಾಗಿ ಕಚೇರಿಗೆ ಹೋಗುತ್ತೇನೆ. 2023ರ ಜೂನ್‌ನಿಂದ ವಂದೇ ಭಾರತ್ ಇದೆ, ಹಳದಿ ಮಾರ್ಗ ಉದ್ಘಾಟನೆಯಾದ ದಿನವೇ ಬೆಳಗಾವಿಯದ್ದೂ ಶುರುವಾಯಿತು. ಮಕ್ಕಳ ಶಾಲೆ, ಅಮ್ಮನ ಗೆಳತಿಯರು, ಸ್ವಂತ ಮನೆ, ಯಾವುದನ್ನೂ ಅಲ್ಲಾಡಿಸಬೇಕಾಗಿಲ್ಲ.

ಸೊಸೆ:
ಮನೆಯಲ್ಲಿ ನಿಮ್ಮ ಶ್ರೀಮತಿಯವರ ಅಭಿಪ್ರಾಯವೂ ಇದೇ ಆಗಿದೆಯೇ?

ಕಲ್ಯಾಣನಗರ ಧಾರವಾಡ:
ಆ ವಿಷಯ ಇಲ್ಲಿ ಅಪ್ರಸ್ತುತ.

ಪುಣೆಯ ಕನ್ನಡತಿ:
ಅಪ್ರಸ್ತುತ ಎಂದದ್ದರಲ್ಲೇ ಉತ್ತರ ಬಂದಿತು. ಒಂದನೆಯ ತರಗತಿಯ ಮಗುವಿಗೆ ಮೂರು ವರ್ಷ ತಾಯಿ ವಾರಾಂತ್ಯದ ಅತಿಥಿಯಾಗಿರುವುದನ್ನು ರೈಲಿನ ವೇಳಾಪಟ್ಟಿಯಿಂದ ಅಳೆಯಲಾಗದು. ಎರಡು ಕಡೆಯ ಖರ್ಚು ಸೇರಿಸಿದರೆ ಉಳಿತಾಯವೂ ಅಷ್ಟಕ್ಕಷ್ಟೆ.

ಬಾಡಿಗೆದಾರ:
ಹಣದ ಮಾತಿಗೆ ಬಂದಿರಾದ್ದರಿಂದ ಒಂದು ಎಚ್ಚರಿಕೆ. ಮನೆ ಹುಡುಕಲು ಹೊರಟೊಡನೆ ‘ಭೋಗ್ಯಕ್ಕೆ ಇದೆ’ ಎಂಬ ಫಲಕಗಳು ಕಾಣುತ್ತವೆ: ಹದಿನೈದು ಇಪ್ಪತ್ತು ಲಕ್ಷ ಕೊಟ್ಟುಬಿಟ್ಟರೆ ಬಾಡಿಗೆಯೇ ಇಲ್ಲ, ಅವಧಿ ಮುಗಿದಾಗ ಪೂರ್ತಿ ಹಣ ವಾಪಸ್ಸು. ಊರಿನಲ್ಲಿ ಹೊಲವನ್ನೋ ನಿವೇಶನವನ್ನೋ ಮಾರಿದ ಹಣ ಕೈಯಲ್ಲಿರುವವರಿಗೆ ಇದು ಬಹಳ ಆಕರ್ಷಕವಾಗಿ ಕಾಣುತ್ತದೆ. ನನ್ನ ಅಣ್ಣನ ವಿಷಯದಲ್ಲಿ ಆದದ್ದೇನೆಂದರೆ, ಮಾಲೀಕರು ಅದೇ ಮನೆಯ ಮೇಲೆ ಬ್ಯಾಂಕಿನಲ್ಲಿ ಸಾಲ ತೆಗೆದು ಕಂತು ಕಟ್ಟದೆ ಬಿಟ್ಟಿದ್ದರಿಂದ, ಒಂದು ಮಧ್ಯಾಹ್ನ ಬ್ಯಾಂಕಿನವರು ಬಾಗಿಲಿಗೆ ನೋಟಿಸು ಅಂಟಿಸಿ ಹೋದರು; ಭೋಗ್ಯದ ಕರಾರು ನೋಂದಣಿಯಾಗದೆ ಬರೀ ಸ್ಟ್ಯಾಂಪ್ ಪೇಪರಿನಲ್ಲಿತ್ತು. ಹಣಕ್ಕಾಗಿ ಇನ್ನೂ ಅಲೆಯುತ್ತಿದ್ದಾರೆ. ಭೋಗ್ಯಕ್ಕೆ ಹೋಗುವುದಾದರೆ ಋಣಭಾರ ಪತ್ರ ತೆಗೆಸಿ ನೋಡಿ, ಕರಾರನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಿ. ಮಾಲೀಕರು ನೋಂದಣಿ ಬೇಡವೆಂದರೆ ಅಲ್ಲಿಂದ ಎದ್ದು ಬನ್ನಿ.

ಬಾಡಿಗೆಯಾದರೆ ಹತ್ತು ತಿಂಗಳ ಮುಂಗಡ ಕೇಳುವ ಹಳೆಯ ರೂಢಿ ಇನ್ನೂ ಕೆಲವೆಡೆ ಇದೆ, ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ, ಚೌಕಾಸಿ ಮಾಡಿ. ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದನ್ನು ಕರಾರಿನಲ್ಲಿಯೇ ಓದಿಕೊಳ್ಳಿ.

ಚಂದಾಪುರ ವಾಸಿ:
ಮಳೆಗಾಲದಲ್ಲೂ ಒಮ್ಮೆ ಬೀದಿಯನ್ನು ನೋಡಬೇಕು. ನಗರದೊಳಗೆ ಎಲ್ಲವೂ ಚೆನ್ನಾಗಿದೆ ಎನ್ನುವವರು ರಾಜಕಾಲುವೆಯ (ಮಳೆನೀರಿನ ದೊಡ್ಡ ಕಾಲುವೆ) ಪಕ್ಕದ ತಗ್ಗಿನ ಮನೆಗಳ ನೆಲಮಹಡಿಯಲ್ಲಿ ಏನಾಗುತ್ತದೆಂದು ಹೇಳುವುದಿಲ್ಲ. ಅತ್ತೆಯವರಿಗಾಗಿ ನೆಲಮಹಡಿಯೇ ಬೇಕೆಂದರೆ ಕಾಂಪೌಂಡ್ ಗೋಡೆಯ ಮೇಲೆ ನೀರು ನಿಂತ ಕಲೆ ಇದೆಯೇ, ಗೇಟಿಗೆ ಹೊಸದಾಗಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ್ದಾರೆಯೇ ಎಂದು ನೋಡಲಿ.

ಕೋಣನಕುಂಟೆ ಕ್ರಾಸ್:
ಈ ಮಾತಿನಲ್ಲಿ ಮಾತ್ರ ನಾವಿಬ್ಬರೂ ಒಂದೇ ಕಡೆ.

ಸಾಧನಕೇರಿಯವಳು:
ಇಷ್ಟೊಂದು ಉತ್ತರಗಳಿಗೆ ಕೃತಜ್ಞಳಾಗಿದ್ದೇನೆ. ಕಂಪನಿಯ ಸಿಬ್ಬಂದಿ ವಿಭಾಗಕ್ಕೆ ಫೋನ್ ಮಾಡಿ ವಿಚಾರಿಸಿದೆ. ನನ್ನದು ಹಗಲು ಪಾಳಿ, ಬೆಳಿಗ್ಗೆ ಎಂಟೂವರೆಗೆ ಆರಂಭ. ಕಂಪನಿಯ ಬಸ್ಸೊಂದು ಬನಶಂಕರಿ ಬಸ್ ನಿಲ್ದಾಣದಿಂದ ಹೊರಟು ಜೆ.ಪಿ. ನಗರದ ಮೂಲಕ ಹೋಗುತ್ತದೆಯಂತೆ, ಅದು ತಪ್ಪಿದರೆ ಮೆಟ್ರೊ ಇದೆ. ಕನ್ನಡ ಮಾಧ್ಯಮದ ವಿಷಯ ತಿಳಿದ ಮೇಲೆ ಮಗಳ ಮಾಧ್ಯಮ ಬದಲಿಸುವ ಮಾತನ್ನು ಕೈಬಿಟ್ಟಿದ್ದೇವೆ. ಅತ್ತೆಯವರನ್ನು ಕೇಳಿದಾಗ, ‘ನನ್ನನ್ನ ಇಲ್ಲೇ ಬಿಟ್ಟು ಹೋಗೂದಾದ್ರ ಮೊದಲೇ ಹೇಳ್ರಿ, ಬರೂದಾದ್ರ ಮನಿ ನಾನು ನೋಡಬೇಕು’ ಎಂದರು. ಮುಂದಿನ ವಾರ ಅವರನ್ನೂ ಕರೆದುಕೊಂಡೇ ಬರುತ್ತಿದ್ದೇವೆ.

ಕೋಣನಕುಂಟೆ ಕ್ರಾಸ್:
ಹಾಗಿದ್ದರೆ ಬನಶಂಕರಿ ಎರಡನೆಯ ಹಂತ, ಕದಿರೇನಹಳ್ಳಿ, ಯಲಚೇನಹಳ್ಳಿ ಈ ಮೂರನ್ನು ಮೊದಲು ನೋಡಿ. ಧಾರವಾಡಕ್ಕೆ ಹೋಗುವ ಯಜಮಾನರಿಗೆ ಇನ್ನೊಂದು ಅನುಕೂಲ: ಹಸಿರು ಮಾರ್ಗದಲ್ಲಿ ಕುಳಿತರೆ ಮೆಜೆಸ್ಟಿಕ್ ಮತ್ತು ಯಶವಂತಪುರ ಎರಡೂ ರೈಲು ನಿಲ್ದಾಣಗಳಿಗೆ ಗಾಡಿ ಬದಲಿಸದೆ ತಲುಪಬಹುದು.

ಸಾಧನಕೇರಿಯವಳು:
ನೋಡಿ ಬಂದೆವು. ಜೆ.ಪಿ. ನಗರದ ಒಂದು ಮನೆ ನನಗೂ ಯಜಮಾನರಿಗೂ ಹಿಡಿಸಿತ್ತು. ಬಚ್ಚಲಿನ ನೆಲ ನುಣುಪಾಗಿದೆ, ಹಿಡಿಯಲು ಸರಳಿಲ್ಲ ಎಂದು ಅತ್ತೆಯವರು ಬಾಗಿಲಿನಿಂದಲೇ ಬೇಡವೆಂದರು. ಯಲಚೇನಹಳ್ಳಿಯಲ್ಲಿ ನೆಲಮಹಡಿಯ ಎರಡು ಕೋಣೆಯ ಮನೆ ಇಪ್ಪತ್ತಮೂರು ಸಾವಿರಕ್ಕೆ, ಆರು ತಿಂಗಳ ಮುಂಗಡಕ್ಕೆ ಒಪ್ಪಿಗೆಯಾಗಿದೆ. ನಲ್ಲಿಯಲ್ಲಿ ಪೊರೆ ತೆಳುವಾಗಿದೆ, ಕಾವೇರಿ ಮತ್ತು ಬೋರ್‌ವೆಲ್ ಎರಡೂ ಇವೆ. ರಸ್ತೆ ತಗ್ಗಿನಲ್ಲಿಲ್ಲ. ಬೀದಿಯ ಗದ್ದಲ ಹೆಚ್ಚು, ಮಗನಿಗೆ ಆಡಲು ಜಾಗವಿಲ್ಲ, ಅದನ್ನು ಒಪ್ಪಿಕೊಂಡಿದ್ದೇವೆ. ಕರಾರು ಹನ್ನೊಂದು ತಿಂಗಳಿಗೆ ಮಾತ್ರ. ಸಾಮಾನು ಸಾಗಿಸುವ ಮೊದಲು ಮತ್ತೇನಾದರೂ ಮಾಡಬೇಕೇ?

ಬಾಡಿಗೆದಾರ:
ಗ್ಯಾಸ್ ಸಿಲಿಂಡರನ್ನು ಲಾರಿಗೆ ಹಾಕಬೇಡಿ. ಧಾರವಾಡದ ಏಜೆನ್ಸಿಗೆ ಸಿಲಿಂಡರ್ ಮತ್ತು ರೆಗ್ಯುಲೇಟರ್ ಹಿಂತಿರುಗಿಸಿ ಟರ್ಮಿನೇಷನ್ ವೋಚರ್ ಪಡೆದು ತನ್ನಿ, ಇಲ್ಲಿ ಅದನ್ನು ತೋರಿಸಿ ಸಂಪರ್ಕ ಪಡೆಯಬಹುದು. ಗೃಹಜ್ಯೋತಿಗೆ ಧಾರವಾಡದ ಮೀಟರಿನೊಡನೆ ಜೋಡಿಸಿದ ಆಧಾರನ್ನು ಮೊದಲು ಬಿಡಿಸಿಕೊಂಡು, ಆಮೇಲೆ ಹೊಸ ಮನೆಯ ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆಗೆ ಜೋಡಿಸಿ, ಇಲ್ಲವಾದರೆ ಅರ್ಜಿ ತಿರಸ್ಕೃತವಾಗುತ್ತದೆ.

ಸೊಸೆ:
ಬಚ್ಚಲಿಗೆ ಸರಳು ಹಾಕಿಸಲು ಮಾಲೀಕರ ಒಪ್ಪಿಗೆಯನ್ನೂ ಕರಾರಿನಲ್ಲೇ ಬರೆಸಿಬಿಡಿ. ಟೈಲ್ಸ್ ಒಡೆದಿರಿ ಎಂದು ಮುಂಗಡದಲ್ಲಿ ಹಿಡಿಯುವವರಿದ್ದಾರೆ.